ನಿಲ್ಲಿಸಬಾರದ ಯಂತ್ರ

ಆಸ್ಪತ್ರೆಯಲ್ಲಿ ಆಕೆಯನ್ನು ಎಲ್ಲರೂ ಸರ್ವರ್ ಅಕ್ಕ ಎಂದೇ ಕರೆಯುತ್ತಿದ್ದರು. ಹೊಸಬರಿಗೆ ಇದರಿಂದ ಗೊಂದಲವಾಗುತ್ತಿತ್ತು. ಒಮ್ಮೆ ಕ್ಯಾಂಟೀನಿನಲ್ಲಿ ಯಾರೋ ಹಾಗೆ ಕೂಗಿದ್ದು ಪಕ್ಕದ ಮೇಜಿನಲ್ಲಿದ್ದ ರೋಗಿಯ ಕಡೆಯವರ ಕಿವಿಗೆ ಬಿದ್ದದ್ದೇ ತಡ, "ಇಲ್ಲಿ ಎರಡು ಟೀ, ಒಂದಕ್ಕೆ ಸಕ್ಕರೆ ಬೇಡ" ಎಂದಿದ್ದರು. ಆಕೆ ಎದ್ದು ಹೋಗಿ ಎರಡು ಟೀ ತಂದಿಟ್ಟು ತನ್ನ ಜಾಗಕ್ಕೆ ಮರಳಿ ಕೂತಿದ್ದಳು. ಮನೆಗೆ ಬಂದು ಈ ಕಥೆ ಹೇಳಿದಾಗ ತಂಗಿ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ನಕ್ಕಿದ್ದಳು.

ಕೆಲಸಕ್ಕೆ ಸೇರಿದ್ದು ಟೈಪಿಸ್ಟ್ ಆಗಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ಡಿಸ್ಚಾರ್ಜ್ ಕಾಗದಗಳನ್ನು ಬೆರಳಚ್ಚು ಮಾಡುವ ಕೋಣೆಗೆ ಮೊದಲ ಕಂಪ್ಯೂಟರ್ ಬಂದಿಳಿದಾಗ ಉಳಿದವರು ಅದಕ್ಕೊಂದು ಬಟ್ಟೆ ಹೊದಿಸಿ ಮೂಲೆಗಿಟ್ಟರು. ಈಕೆ ಊಟದ ಬಿಡುವಿನಲ್ಲಿ ಬಟ್ಟೆ ತೆಗೆದು ಕೂತಳು. ರಿಪೇರಿಯವರು ಬಂದಾಗ ಅವರ ಬೆನ್ನ ಹಿಂದೆ ನಿಂತು, ಅವರು ಏನು ಒತ್ತಿದರು, ಏನು ಬಂತು ಎಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ನಲವತ್ತೆಂಟು ತುಂಬುವ ಹೊತ್ತಿಗೆ ಅಂಥ ಹದಿನೇಳು ನೋಟ್‌ಬುಕ್ಕುಗಳಾಗಿದ್ದವು. ಆಸ್ಪತ್ರೆಯ ಸರ್ವರ್‌ಗಳೆಲ್ಲ ಆಕೆಯ ಉಸ್ತುವಾರಿಗೆ ಬಂದಿದ್ದವು. ಕಮಾಂಡು ಬರೆದ ಮೇಲೆ ತುಟಿ ಅಲ್ಲಾಡಿಸುತ್ತ ಎರಡು ಸಲ ಓದಿ, ಆಮೇಲಷ್ಟೇ ಎಂಟರ್ ಒತ್ತುವುದು ಆಕೆಯ ರೂಢಿ. ಮೂರನೆಯ ಮಹಡಿಯಲ್ಲಿದ್ದ ಆಕೆಯ ಪುಟ್ಟ ಕೋಣೆಗೆ ಬಂದವರು, ಏನೋ ಮಂತ್ರ ಹೇಳುತ್ತಿದ್ದಾಳೆ ಎಂದುಕೊಳ್ಳುತ್ತಿದ್ದರು.

ಮದುವೆಯಾಗಿರಲಿಲ್ಲ. ತಂಗಿ ಮತ್ತು ತಂಗಿಯ ಮಗಳೇ ಆಕೆಯ ಸಂಸಾರ. ತಂಗಿಯ ಗಂಡ ಮಗಳಿಗೆ ಮೂರು ವರ್ಷವಿದ್ದಾಗಲೇ ಬೇರೆ ಮನೆ ಮಾಡಿಕೊಂಡು ಹೋಗಿದ್ದ. ಅಂದಿನಿಂದ ಎರಡು ಕೋಣೆಯ ಒಂದೇ ಮನೆಯಲ್ಲಿ ಮೂವರ ವಾಸ. ಮುಂದಿನ ಕೋಣೆಯಲ್ಲಿ ತಂಗಿಯ ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಗೋಡೆಯುದ್ದಕ್ಕೂ ಮೊಳೆಗೆ ನೇತುಬಿದ್ದ ಶಾಲೆಯ ಸಮವಸ್ತ್ರಗಳು. ಹಿಂದಿನ ಕೋಣೆಯಲ್ಲಿ ಮೂವರ ಹಾಸಿಗೆ. ಪುಟ್ಟಿ ಎಂದು ಕರೆಸಿಕೊಳ್ಳುವ ಆ ಮಗಳಿಗೆ ಈಗ ಹತ್ತೊಂಬತ್ತು. ಡಿಪ್ಲೊಮಾ ಕೊನೆಯ ವರ್ಷ.

"ನೀನು ಏನು ಕೆಲಸ ಮಾಡ್ತೀಯ ಅಂತ ಜನ ಕೇಳಿದ್ರೆ ನನಗೆ ಹೇಳೋಕೇ ಬರಲ್ಲ" ಎಂದು ತಂಗಿ ಒಮ್ಮೆ ಅಂದಿದ್ದಳು.

ಆಕೆ ಯೋಚಿಸಿ ಹೇಳಿದ್ದಳು: "ನೆಲಮಾಳಿಗೆಯಲ್ಲಿ ಒಂದು ದೊಡ್ಡ ಕಂಪ್ಯೂಟರ್ ಇದೆ. ಅದರೊಳಗೆ ಐದು ಕಂಪ್ಯೂಟರ್ ಇವೆ. ನಿಜವಾಗಿ ಇಲ್ಲ, ಇದ್ದ ಹಾಗೆ ನಡೆದುಕೊಳ್ತವೆ ಅಷ್ಟೆ. ವರ್ಚುವಲ್ ಮಷೀನ್ ಅಂತಾರೆ. ಒಂದು ಮನೇಲಿ ಐದು ಬಾಡಿಗೆದಾರರು ಇದ್ದ ಹಾಗೆ. ಒಬ್ಬರಿಗೆ ಜಾಗ ಸಾಲದಿದ್ರೆ ಇನ್ನೊಬ್ಬರ ಕಡೆ ಗೋಡೆ ಸ್ವಲ್ಪ ಸರಿಸೋದು ನನ್ನ ಕೆಲಸ."

"ಗೋಡೆ ಸರಿಸೋವಾಗ ಅವರನ್ನ ಹೊರಗೆ ಕಳಿಸ್ತೀಯಾ?"

"ಇಲ್ಲ. ಅವರು ಒಳಗೇ ಇರ್ತಾರೆ, ಅಡಿಗೆ ಮಾಡ್ತಾ ಇರ್ತಾರೆ. ಅವರಿಗೆ ಗೊತ್ತೇ ಆಗಬಾರದು."

"ಹಾಗಾದ್ರೆ ಕಳ್ಳರ ಕೆಲಸ" ಎಂದು ತಂಗಿ ಹಲ್ಲಿನಿಂದ ದಾರ ಕಡಿದಿದ್ದಳು.

ಆ ಐದು ಬಾಡಿಗೆದಾರರಲ್ಲಿ ರಕ್ತನಿಧಿಯ ಯಂತ್ರದ್ದು ಬೇರೆಯೇ ಕಥೆ. ಯಾರು ರಕ್ತ ಕೊಟ್ಟರು, ಯಾವ ಗುಂಪು, ಯಾವ ಚೀಲ ಯಾವ ರೋಗಿಗೆ ಹೋಯಿತು ಎಂಬುದನ್ನೆಲ್ಲ ಬರೆದಿಟ್ಟು, ಚೀಲಕ್ಕೆ ಅಂಟಿಸುವ ಲೇಬಲ್ ಮುದ್ರಿಸುವ ಪ್ರೋಗ್ರಾಮ್ ಅದರಲ್ಲಿತ್ತು. ಲೇಬಲ್ ಇಲ್ಲದೆ ಒಂದು ಚೀಲವೂ ಹೊರಗೆ ಹೋಗುವಂತಿರಲಿಲ್ಲ. ಪ್ರೋಗ್ರಾಮ್ ಮಾಡಿಕೊಟ್ಟ ಕಂಪನಿ ಬಾಗಿಲು ಹಾಕಿ ನಾಲ್ಕು ವರ್ಷವಾಗಿತ್ತು. ಪ್ರೋಗ್ರಾಮನ್ನು ಹೊಸದಾಗಿ ಶುರು ಮಾಡಿದಾಗಲೆಲ್ಲ ಅದು ಆ ಕಂಪನಿಯ ಒಪ್ಪಿಗೆ ಕೇಳುತ್ತಿತ್ತು. ಒಪ್ಪಿಗೆ ಕೊಡುವವರು ಈಗ ಯಾರೂ ಇರಲಿಲ್ಲ. ಎಂದರೆ, ಒಮ್ಮೆ ನಿಂತರೆ ಅದು ಮತ್ತೆ ಏಳುವುದಿಲ್ಲ. ಸಾಲದ್ದಕ್ಕೆ ದೊಡ್ಡ ಕಂಪ್ಯೂಟರಿನ ಹಿಂಬದಿಗೆ ಹೆಬ್ಬೆರಳುದ್ದದ, ಪೆನ್‌ಡ್ರೈವಿನಂಥ ಒಂದು ಡಾಂಗಲ್ ಚುಚ್ಚಿತ್ತು. ಪರವಾನಗಿಯ ಕೀಲಿ ಅದು. ಪ್ರೋಗ್ರಾಮ್ ಆಗಾಗ ಆ ಡಾಂಗಲನ್ನು ಹುಡುಕಿ ನೋಡಿಕೊಳ್ಳುತ್ತಿತ್ತು; ಕಾಣಿಸದಿದ್ದರೆ ಅರ್ಧ ಗಂಟೆ ಕಾದು ತಾನಾಗಿಯೇ ಮುಚ್ಚಿಕೊಳ್ಳುವಂತೆ ಮಾಡಿದ್ದರು.

ಹೊಸ ಪ್ರೋಗ್ರಾಮಿಗೆ ಆಕೆ ಬರೆದ ಅರ್ಜಿ ಎರಡು ವರ್ಷದಿಂದ ಮೇಜಿನಿಂದ ಮೇಜಿಗೆ ಹೋಗುತ್ತಿತ್ತು. ಅಲ್ಲಿಯತನಕ ಆ ಯಂತ್ರವನ್ನು ಒಮ್ಮೆಯೂ ರೀಸ್ಟಾರ್ಟ್ ಮಾಡದೆ ನಡೆಸಿಕೊಂಡು ಬಂದಿದ್ದಳು. ಏನೇ ಸೇರಿಸಬೇಕಾದರೂ, ಏನೇ ಕಳಚಬೇಕಾದರೂ, ಅದು ಓಡುತ್ತಿರುವಾಗಲೇ.

ಒಂದು ಸೋಮವಾರ ಬೆಳಿಗ್ಗೆ ಎಂಟೂವರೆಗೆ ತಂಗಿ ಹೊಲಿಯುತ್ತಿದ್ದವಳು ನಿಲ್ಲಿಸಿ, "ಅಕ್ಕಾ, ಸ್ವಲ್ಪ ನೀರು ಕೊಡು" ಎಂದಳು. ನೀರು ತರುವಷ್ಟರಲ್ಲಿ ನೆಲದ ಮೇಲೆ ಮಗ್ಗುಲಾಗಿದ್ದಳು. ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಒಡೆದಿತ್ತು. ನಲವತ್ತಮೂರು ವರ್ಷ. ಅದೇ ಆಸ್ಪತ್ರೆಯಲ್ಲಿ, ಎರಡನೆಯ ಮಹಡಿಯಲ್ಲಿ, ಆಪರೇಶನ್ ನಡೆಯಿತು. ಹನ್ನೊಂದು ಚೀಲ ರಕ್ತ ಹೋಯಿತು. ಎಂಟನೆಯ ಚೀಲದ ಹೊತ್ತಿಗೆ ಲೇಬಲ್ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿತು. ರಕ್ತನಿಧಿಯ ಹಿರಿಯ ಟೆಕ್ನಿಷಿಯನ್ ಫೋನ್ ಮಾಡಿದಾಗ, ಆಪರೇಶನ್ ಯಾರಿಗೆ ನಡೆಯುತ್ತಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಆಕೆ ಬೆಂಚಿನಿಂದ ಎದ್ದು, ಕೆಳಗೆ ಹೋಗಿ, ನಾಲ್ಕು ನಿಮಿಷದಲ್ಲಿ ಸರಿಮಾಡಿ, ಮತ್ತೆ ಬಂದು ಬೆಂಚಿನ ಮೇಲೆ ಪುಟ್ಟಿಯ ಪಕ್ಕ ಕೂತಳು. ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ತಂಗಿ ಹೋದಳು.

ಮಾಡಬೇಕಾದ್ದನ್ನೆಲ್ಲ ಮಾಡಿ ಮುಗಿಸಿ ಐದನೆಯ ದಿನ ಆಕೆ ಕೆಲಸಕ್ಕೆ ಬಂದಳು.

ಅತ್ತಿರಲಿಲ್ಲ. ಅಳು ತಡೆದುಕೊಂಡಿದ್ದಾಳೆ ಎಂದು ಜನ ತಿಳಿದರು. ತಡೆದುಕೊಳ್ಳಲು ಒಳಗೆ ಏನಾದರೂ ಇರಬೇಕಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ನಮ್ಮದೇ ಕೆನ್ನೆ ಮುಟ್ಟಿದರೂ ಬೇರೆಯವರದ್ದೆನಿಸುತ್ತದೆ. ಆಕೆಗೆ ಇಡೀ ದಿನ ಹಾಗಿತ್ತು. ಹಸಿವಾಗುತ್ತಿರಲಿಲ್ಲ, ಆದರೆ ಊಟದ ಹೊತ್ತಿಗೆ ಊಟ ಮಾಡುತ್ತಿದ್ದಳು. ಬಸ್ಸಿನಲ್ಲಿ ಯಾರೋ ಕಾಲು ತುಳಿದರೆ "ಪರವಾಗಿಲ್ಲ" ಎನ್ನುತ್ತಿದ್ದಳು; ಆಕೆಗೆ ನಿಜಕ್ಕೂ ನೋವೇ ಆಗಿರುತ್ತಿರಲಿಲ್ಲ. ಪುಟ್ಟಿ ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಅತ್ತರೆ, ಹೋಗಿ ಬೆನ್ನು ಸವರುತ್ತಿದ್ದಳು. ಸವರುವ ಕೈ ತನ್ನದೇ ಎಂದು ನೋಡಿ ತಿಳಿದುಕೊಳ್ಳಬೇಕಾಗುತ್ತಿತ್ತು.

ಸಂಜೆ ಹೊತ್ತು ಗಿರಾಕಿಗಳು ಬರುತ್ತಿದ್ದರು. ಗೊತ್ತಿದ್ದವರು ಬಾಗಿಲಲ್ಲೇ ನಿಂತು ಎರಡು ಮಾತಾಡಿ ಹೋಗುತ್ತಿದ್ದರು. ಗೊತ್ತಿಲ್ಲದವರದ್ದೇ ಕಷ್ಟ. ಒಬ್ಬ ಹೆಂಗಸು ಬಂದು ಗೋಡೆಯ ಕಡೆ ನೋಡುತ್ತ, "ನಮ್ಮ ಹುಡುಗೀದು ಆಯ್ತಾ? ಹೋದ ವಾರಾನೇ ಕೊಡ್ತೀನಿ ಅಂದಿದ್ರು" ಎಂದಳು.

"ಅವಳು ತೀರಿಕೊಂಡಳು" ಎಂದಳು ಆಕೆ. "ಇದು ನಿಮ್ಮದಾ? ತೋಳು ಒಂದೇ ಆಗಿದೆ."

ಹೆಂಗಸು ಬಾಯಿಗೆ ಕೈ ಇಟ್ಟುಕೊಂಡು ನಿಂತಳು. ಆಕೆ ಒಂದೇ ತೋಳಿನ ಅಂಗಿಯನ್ನೂ ಇನ್ನೊಂದು ತೋಳಿನ ಬಟ್ಟೆಯನ್ನೂ ಮಡಚಿ, ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟಳು. ಒಳಗಿನಿಂದ ಇದನ್ನು ಕೇಳಿಸಿಕೊಂಡ ಪುಟ್ಟಿ, "ದೊಡ್ಡಮ್ಮ, ಹಾಗಾ ಹೇಳೋದು?" ಎಂದಳು.

"ಇನ್ನು ಹೇಗೆ ಹೇಳಲಿ?" ಎಂದು ಆಕೆ ಕೇಳಿದ್ದು ಸಿಟ್ಟಿನಿಂದಲ್ಲ. ಬೇರೆ ರೀತಿ ಇದ್ದರೆ ಹೇಳಿಕೊಡಲಿ ಎಂದೇ ಕೇಳಿದ್ದಳು.

ತಂಗಿ ಹೋಗಿ ಹತ್ತೊಂಬತ್ತು ದಿನವಾಗಿತ್ತು. ಬೆಳಿಗ್ಗೆ ಹತ್ತರ ಸುಮಾರಿಗೆ ಊರ ಹೊರಗಿನ ಒಂದು ಗೋದಾಮಿನ ಚಾವಣಿ ಕುಸಿಯಿತು. ಇಪ್ಪತ್ತಾರು ಜನ ಗಾಯಾಳುಗಳು ಒಬ್ಬೊಬ್ಬರಾಗಿ ಆಸ್ಪತ್ರೆಗೆ ಬಂದರು. ಸುದ್ದಿ ಹರಡಿದ್ದೇ ರಕ್ತ ಕೊಡುವವರೂ ಬಂದರು. ಹನ್ನೊಂದರ ಹೊತ್ತಿಗೆ ರಕ್ತನಿಧಿಯ ಬಾಗಿಲಿನಿಂದ ಎಕ್ಸ್‌ರೇ ಕೋಣೆಯವರೆಗೆ ಸಾಲು ಬೆಳೆದಿತ್ತು.

ಫೋನ್ ಮಾಡಿದವನು ಚೀಟಿ. ರಕ್ತನಿಧಿಯ ಆ ಹಿರಿಯ ಟೆಕ್ನಿಷಿಯನ್ನಿಗೆ ಆಸ್ಪತ್ರೆ ಇಟ್ಟ ಹೆಸರು ಅದು. ಲೇಬಲನ್ನು ಆತ ಇಡೀ ಜನ್ಮ ಚೀಟಿ ಎಂದೇ ಕರೆದಿದ್ದ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಅವಸರದಲ್ಲೂ ಮೆಲ್ಲಗೆ ಮಾತಾಡುವ ಮನುಷ್ಯ.

"ಅಕ್ಕಾ, ಒಬ್ಬರ ಹೆಸರು ಹಾಕೋಕೆ ನಾಲ್ಕು ನಿಮಿಷ ತಗೊಳ್ತಾ ಇದೆ. ಇಲ್ಲಿ ನೂರು ಜನ ನಿಂತಿದ್ದಾರೆ. ಚೀಟಿ ಬರೋದಂತೂ ಕೇಳಲೇಬೇಡಿ."

"ನೋಡ್ತೀನಿ. ಫೋನ್ ಇಡಬೇಡಿ, ಪಕ್ಕದಲ್ಲಿಟ್ಟುಕೊಳ್ಳಿ."

ನೋಡಿದಳು. ಆ ಯಂತ್ರಕ್ಕೆ ಕೊಟ್ಟಿದ್ದ ಮೆಮೊರಿ ಎಂಟು ಜಿಬಿ. ಎಂಟೂ ತುಂಬಿ, ಉಸಿರಾಡಲು ಜಾಗವಿಲ್ಲದೆ ಏದುತ್ತಿತ್ತು. ಎರಡು ಪ್ರೊಸೆಸರುಗಳೂ ಬಿಡುವಿಲ್ಲದೆ ಓಡುತ್ತಿದ್ದವು. ಡಿಸ್ಕಿನಲ್ಲಿ ನೂರಕ್ಕೆ ತೊಂಬತ್ತೆಂಟು ಭಾಗ ತುಂಬಿತ್ತು. ಇದೆಲ್ಲದರ ಜೊತೆಗೆ, ಬ್ಯಾಕಪ್ಪಿಗೆಂದು ಹಿಂದೆ ಸೇರಿಸಿದ್ದ ಒಂದು ಹೊರಗಿನ ಡಿಸ್ಕ್ ಕೆಟ್ಟುಹೋಗಿತ್ತು. ಯಂತ್ರ ಪದೇ ಪದೇ ಅದನ್ನು ಕರೆಯುತ್ತ, ಉತ್ತರಕ್ಕೆ ಕಾಯುತ್ತ ನಿಲ್ಲುತ್ತಿತ್ತು.

ಫೋನಿನಲ್ಲಿ ರಕ್ತನಿಧಿಯ ಡಾಕ್ಟರಮ್ಮನ ದನಿ ಬಂತು. "ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರೆ?"

"ಆಫ್ ಆದ್ರೆ ಮತ್ತೆ ಆನ್ ಆಗಲ್ಲ ಮೇಡಂ."

"ಹಾಗಾದ್ರೆ ಹಳೇ ದಾಖಲೆ ಏನಾದ್ರೂ ಅಳಿಸಿ ಜಾಗ ಮಾಡಿ."

"ರಕ್ತದ ದಾಖಲೆ ಅಳಿಸೋ ಹಾಗಿಲ್ಲ. ಜಾಗ ಸೇರಿಸ್ತೀನಿ."

ದೊಡ್ಡ ಕಂಪ್ಯೂಟರಿನಲ್ಲಿ ಮಿಕ್ಕ ಮೆಮೊರಿ ಇರಲಿಲ್ಲ. ಐವರು ಬಾಡಿಗೆದಾರರಿಗೂ ಹಂಚಿಹೋಗಿತ್ತು. ನೌಕರರ ಹಾಜರಿ ನೋಡಿಕೊಳ್ಳುವ ಯಂತ್ರ ಹನ್ನೆರಡು ಜಿಬಿ ಇಟ್ಟುಕೊಂಡು ಸುಮ್ಮನೆ ಕೂತಿತ್ತು. ಮೊದಲು ಅದರಿಂದ ಆರು ಬಿಡಿಸಿದಳು. ಅದು ಓಡುತ್ತಿರುವಾಗಲೇ, ಹಿಡಿ ಸಡಿಲಿಸಿದ ಹಾಗೆ, ಮೆಮೊರಿ ಒಂದೊಂದಾಗಿ ಈಚೆ ಬಂತು. ಹಾಗೆ ಬಂದದ್ದನ್ನು ರಕ್ತನಿಧಿಯ ಯಂತ್ರಕ್ಕೆ ಕೊಟ್ಟಳು. ಎಂಟು ಹತ್ತಾಯಿತು, ಹನ್ನೆರಡಾಯಿತು, ಹದಿನಾಲ್ಕಾಯಿತು. ವರ್ಷಗಳ ಹಿಂದೆ ಆ ಯಂತ್ರವನ್ನು ರೂಪಿಸುವಾಗ, ಮುಂದೆಂದಾದರೂ ಬೇಕಾದೀತು ಎಂದು ಅದರ ಗರಿಷ್ಠ ಮಿತಿಯನ್ನು ಇಪ್ಪತ್ತನಾಲ್ಕು ಎಂದು ಬರೆದಿಟ್ಟಿದ್ದಳು. ಹಾಗೆ ಬರೆಯದೆ ಹೋಗಿದ್ದರೆ ಇಂದು ನಿಲ್ಲಿಸದೆ ಏರಿಸುವುದಕ್ಕೆ ದಾರಿಯೇ ಇರುತ್ತಿರಲಿಲ್ಲ. ಪ್ರೊಸೆಸರು ಎರಡಿದ್ದದ್ದನ್ನು ನಾಲ್ಕು ಮಾಡಿದಳು. ಹೊಸದೊಂದು ಡಿಸ್ಕ್ ಸೃಷ್ಟಿಸಿ, ಓಡುವ ಯಂತ್ರಕ್ಕೆ ಜೋಡಿಸಿ, ಹಳೆಯ ಡಿಸ್ಕಿನ ಬೆನ್ನಿಗೆ ಕಟ್ಟಿ ಎರಡನ್ನೂ ಒಂದು ಮಾಡಿದಳು. ತೊಂಬತ್ತೆಂಟು ಎಂದು ತೋರಿಸುತ್ತಿದ್ದದ್ದು ಅರುವತ್ತೊಂದಕ್ಕಿಳಿಯಿತು.

"ಅಕ್ಕಾ, ಈಗ ಹೋಗ್ತಾ ಇದೆ" ಎಂದ ಚೀಟಿ. "ಆದ್ರೂ ನಡುನಡುವೆ ನಿಂತುಬಿಡುತ್ತೆ."

ಅದು ಕೆಟ್ಟ ಬ್ಯಾಕಪ್ ಡಿಸ್ಕಿನ ಕಾಟ. ಅದನ್ನು ಕಳಚಿದರೆ ಮುಗಿಯಿತು. ಆ ಯಂತ್ರಕ್ಕೆ ಹೊರಗಿನಿಂದ ಜೋಡಿಸಿದ್ದ ವಸ್ತುಗಳು ಎರಡೇ. ಎರಡಕ್ಕೂ ವಿವರ ಬರೆದಿಟ್ಟ ಒಂದೊಂದು ಪುಟ್ಟ ಫೈಲು. ಫೈಲಿನ ಹೆಸರಿನ ಕೊನೆಯ ಅಂಕಿ ಡಾಂಗಲಿನದ್ದಕ್ಕೆ ಒಂದು, ಡಿಸ್ಕಿನದ್ದಕ್ಕೆ ಎರಡು. ಕಳಚುವ ಕಮಾಂಡನ್ನು ಬರೆದು ಎಂಟರ್ ಒತ್ತಿದಳು. ಕಳಚಿತು ಎಂದು ಉತ್ತರ ಬಂತು.

ಅರೆಗಳಿಗೆಯಲ್ಲಿ ಚೀಟಿಯ ದನಿ. "ಅಕ್ಕಾ, ಇಲ್ಲಿ ಕೆಂಪಗೆ ಏನೋ ಬಂದಿದೆ. ಪರವಾನಗಿ ಕೀಲಿ ಕಾಣುತ್ತಿಲ್ಲ, ಮೂವತ್ತು ನಿಮಿಷದಲ್ಲಿ ಮುಚ್ಚುತ್ತದೆ ಅಂತ ಬರೆದಿದೆ. ಪಕ್ಕದಲ್ಲಿ ಗಡಿಯಾರ ಹಿಂದಕ್ಕೆ ಓಡ್ತಾ ಇದೆ."

ಆಕೆ ತಾನು ಬರೆದ ಸಾಲನ್ನು ನೋಡಿದಳು. ಕೊನೆಯಲ್ಲಿ ಒಂದು ಎಂದಿತ್ತು. ಎರಡು ಎಂದಿರಬೇಕಿತ್ತು. ಕಳಚಿದ್ದು ಡಾಂಗಲ್.

ಬೇರೆ ಯಾವಾಗಲಾದರೂ ಆಗಿದ್ದರೆ ಆಕೆಯ ಕೈಕಾಲು ತಣ್ಣಗಾಗುತ್ತಿದ್ದವು. ಆಗಲಿಲ್ಲ. ಎದೆಬಡಿತವೂ ಏರಲಿಲ್ಲ. ಯಾರೋ ದೂರದವರ ವಿಷಯ ಪತ್ರಿಕೆಯಲ್ಲಿ ಓದಿದ ಹಾಗೆ ಓದಿಕೊಂಡಳು.

"ನನ್ನಿಂದ ತಪ್ಪಾಯ್ತು" ಎಂದು ಫೋನಿಗೆ ಹೇಳಿದಳು. "ಬೇರೆಯದನ್ನ ಕಳಚಿಬಿಟ್ಟೆ. ಡಾಕ್ಟರಮ್ಮಂಗೆ ಹೇಳಿ, ಈಗಿಂದಲೇ ಎಲ್ಲವನ್ನೂ ಕೈಯಲ್ಲೂ ಬರೆದುಕೊಳ್ಳಲಿ. ಹೋಗಬೇಕಾದ ಚೀಲಗಳಿಗೆ ಈಗಲೇ ಚೀಟಿ ತೆಗೆದುಬಿಡಿ, ಎಷ್ಟು ಆಗುತ್ತೋ ಅಷ್ಟು."

ಮತ್ತೆ ಜೋಡಿಸಲು ನೋಡಿದಳು. ಅಂಥ ವಸ್ತು ಇಲ್ಲ ಎಂದು ಉತ್ತರ ಬಂತು. ಹಳೆಯ ಡಾಂಗಲ್, ಕಳಚಿದ ಗಳಿಗೆಯಲ್ಲೇ ದೊಡ್ಡ ಕಂಪ್ಯೂಟರಿಗೂ ಕಾಣದ ಹಾಗೆ ಮಂಕಾಗಿತ್ತು. ಕೈಯಿಂದಲೇ ಕಿತ್ತು ಚುಚ್ಚಬೇಕು. ಲ್ಯಾಪ್‌ಟಾಪ್ ಕಂಕುಳಲ್ಲಿ, ಫೋನ್ ಕೈಯಲ್ಲಿ ಹಿಡಿದು ಹೊರಟಳು. ನೆಲಮಾಳಿಗೆಯವರೆಗೆ ನಾಲ್ಕು ಮಹಡಿ ಮೆಟ್ಟಿಲು. ಓಡಲಿಲ್ಲ. ದಿನವೂ ಇಳಿಯುವ ನಡಿಗೆಯಲ್ಲೇ ಇಳಿದಳು. ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗದ ಹಬೆ, ಸೋಪಿನ ವಾಸನೆ. ಅದರ ಪಕ್ಕ ಯಂತ್ರದ ಕೋಣೆ. ಬೀಗ ತೆಗೆದಳು. ಎಂದಿನ ಥಂಡಿ, ಎಂದಿನ ಗುಂಯ್‌ಗುಡುವ ಫ್ಯಾನುಗಳು.

ದೊಡ್ಡ ಕಂಪ್ಯೂಟರಿನ ಹಿಂದೆ ಮಂಡಿಯೂರಿ ಕೂತು ಡಾಂಗಲ್ ಹುಡುಕಿ ಎಳೆದಳು. ಧೂಳು ಊದಿ ಅದೇ ಕಿಂಡಿಗೆ ಚುಚ್ಚಿದಳು. ದೀಪ ಹೊತ್ತಲಿಲ್ಲ. ಪಕ್ಕದ ಕಿಂಡಿಗೆ ಚುಚ್ಚಿದಳು. ಒಮ್ಮೆ ಮಿನುಗಿ ಆರಿತು. ಆಕೆ ಕೇಳದಿದ್ದರೂ ಚೀಟಿ ಫೋನಿನಲ್ಲಿ ಉಳಿದ ನಿಮಿಷ ಹೇಳುತ್ತಿದ್ದ. "ಹತ್ತೊಂಬತ್ತು, ಅಕ್ಕಾ." ಮುಂಬದಿಯ ಕಿಂಡಿಗೆ ಚುಚ್ಚಿ ನೋಡಿದಳು, ಅಲ್ಲೂ ಇಲ್ಲ. ಸೀರೆಯ ಸೆರಗಿನಿಂದ ಡಾಂಗಲಿನ ಬಾಯಿಯ ಲೋಹವನ್ನು ಗಟ್ಟಿಯಾಗಿ ಉಜ್ಜಿ ಮತ್ತೆ ಹಿಂಬದಿಗೆ ಹೋಗಿ, ಪಕ್ಕದ ಕಿಂಡಿಗೇ ಚುಚ್ಚಿ, ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಹಸಿರು ದೀಪ ಹೊತ್ತಿ ನಿಂತಿತು.

"ಹದಿಮೂರು" ಎಂದ ಚೀಟಿ.

ಜಾಗ ಬದಲಾದ್ದರಿಂದ ಕಂಪ್ಯೂಟರಿನ ಲೆಕ್ಕದಲ್ಲಿ ಡಾಂಗಲಿನ ವಿಳಾಸವೂ ಬದಲಾಗಿತ್ತು. ನೆಲದ ಮೇಲೆ ಕಾಲು ಮಡಚಿ ಕೂತು ಆ ಪುಟ್ಟ ಫೈಲಿನಲ್ಲಿ ಹೊಸ ವಿಳಾಸ ಬರೆದಳು. ಜೋಡಿಸುವ ಕಮಾಂಡು ಬರೆದಳು. ಈ ಸಲ ಎಂಟರ್ ಒತ್ತುವ ಮುಂಚೆ ಫೋನಿಗೆ ಹೇಳಿದಳು: "ಚೀಟಿ, ನಾನು ಓದ್ತೀನಿ, ನೀವು ಕೇಳಿಸಿಕೊಳ್ಳಿ. ಕೊನೇಲಿ ಒಂದು ಅಂತಿದೆ. ಡಾಂಗಲ್ ಅಂದ್ರೆ ಒಂದು. ಸರೀನಾ?"

"ನನಗೇನು ಗೊತ್ತಾಗುತ್ತೆ ಅಕ್ಕಾ."

"ಗೊತ್ತಾಗೋದು ಬೇಡ. ಡಾಂಗಲ್ ಅಂದ್ರೆ ಒಂದು. ನಾನು ಓದಿದ್ದೂ ಒಂದು. ಅಷ್ಟೇ ನೋಡಿ."

"ಹಾಗಾದ್ರೆ ಸರಿ."

ಎಂಟರ್ ಒತ್ತಿದಳು. ಜೋಡಿಸಿದೆ ಎಂದು ಬಂತು. ರಕ್ತನಿಧಿಯ ಪರದೆಯ ಮೇಲೆ ಕೆಂಪು ಸೂಚನೆ ಇನ್ನೂ ಇತ್ತು. ಹತ್ತು ಎಂದ ಚೀಟಿ, ಒಂಬತ್ತು ಎಂದ. ಏಳಾದ ಮೇಲೆ, "ಹೋಯ್ತು. ಕೆಂಪು ಹೋಯ್ತು" ಎಂದ. ಆಮೇಲೆ ಅವನ ಉಸಿರು ಫೋನಿನಲ್ಲಿ ಜೋರಾಗಿ ಕೇಳಿಸಿತು.

ಬ್ಯಾಕಪ್ ಡಿಸ್ಕನ್ನು ಕಳಚುವ ಸಾಲನ್ನೂ ಹಾಗೆಯೇ ಅವನಿಗೆ ಓದಿ ಹೇಳಿ ಕಳಚಿದಳು. ಅನಂತರ ಯಂತ್ರ ಎಲ್ಲಿಯೂ ನಿಲ್ಲಲಿಲ್ಲ. ಸಂಜೆ ನಾಲ್ಕರವರೆಗೆ ನೂರ ಹದಿನೆಂಟು ಜನ ರಕ್ತ ಕೊಟ್ಟರು. ಗಾಯಾಳುಗಳಲ್ಲಿ ಮೂವರು ಉಳಿಯಲಿಲ್ಲ. ಅವರು ಹೋದದ್ದು ರಕ್ತ ಸಿಗದೆ ಅಲ್ಲ ಎಂದು ಡಾಕ್ಟರಮ್ಮನೇ ಮೇಲೆ ಬಂದು ಹೇಳಿದರು. ಆಕೆ ತಲೆಯಾಡಿಸಿದಳು. ಸೆರಗಿನ ಮೇಲೆ ಕಪ್ಪು ಗೆರೆ ಬಿದ್ದಿತ್ತು. ಅದನ್ನು ನೋಡುತ್ತ ಕೂತಳು.

ಮಾರನೆಯ ದಿನ ಬೆಳಿಗ್ಗೆ ಸೂಪರಿಂಟೆಂಡೆಂಟರ ಕೋಣೆಯಲ್ಲಿ ಸಭೆ. ಸೂಪರಿಂಟೆಂಡೆಂಟ್ ಎಲ್ಲರನ್ನೂ ಹೊಗಳಿ ಕೊನೆಗೆ ಆಕೆಯ ಕಡೆ ತಿರುಗಿದರು. "ಇವರ ಮನೇಲಿ ಅಷ್ಟು ದೊಡ್ಡ ದುಃಖ. ಆದ್ರೂ ನೋಡಿ, ಒಂದಿಷ್ಟೂ ಗಾಬರಿ ಬೀಳದೆ ನಿಭಾಯಿಸಿದ್ರು. ಇಂಥ ಧೈರ್ಯ ಎಲ್ಲರಿಗೂ ಬರಲಿ."

"ಡಾಂಗಲ್ ಕಳಚಿದ್ದು ನಾನೇ ಸರ್" ಎಂದಳು ಆಕೆ.

"ಈಗ ಅದೆಲ್ಲ ಯಾಕೆ, ಬಿಡಿ. ಸರಿಹೋಯ್ತಲ್ಲ."

"ಬರೆದುಕೊಳ್ಳಿ ಸರ್. ಅದು ತಾನಾಗಿ ಕೆಟ್ಟಿದ್ದಲ್ಲ, ನಾನು ತಪ್ಪು ಕಮಾಂಡು ಕೊಟ್ಟೆ. ಇನ್ನು ಮೇಲೆ ಆ ಯಂತ್ರಕ್ಕೆ ಏನು ಮಾಡಬೇಕಾದ್ರೂ ಪಕ್ಕದಲ್ಲಿ ಇನ್ನೊಬ್ಬರು ಕೂತು ಓದಬೇಕು. ಹೊಸ ಪ್ರೋಗ್ರಾಮಿನ ಅರ್ಜಿ ಎರಡು ವರ್ಷದಿಂದ ನಿಮ್ಮ ಹತ್ತಿರ ಇದೆ."

ಸೂಪರಿಂಟೆಂಡೆಂಟ್ ಪೆನ್ನಿನ ಮುಚ್ಚಳ ತೆಗೆದು, ಮುಚ್ಚಿ, ಮತ್ತೆ ತೆಗೆದು ಬರೆದುಕೊಂಡರು.

ಹೊರಗೆ ಓಣಿಯಲ್ಲಿ ಡಾಕ್ಟರಮ್ಮ ಆಕೆಯ ಜೊತೆ ಹೆಜ್ಜೆ ಹಾಕಿದರು. ಐವತ್ತೈದು ದಾಟಿದ, ಮಾತಿನಲ್ಲಿ ನಯವಿಲ್ಲದ ಹೆಂಗಸು.

"ನಿನ್ನೆ ನಿಮಗೆ ಭಯ ಆಗಲಿಲ್ವಾ?"

"ಇಲ್ಲ."

"ಸ್ವಲ್ಪಾನೂ?"

"ಆಗಬೇಕಿತ್ತು ಮೇಡಂ. ಮೊದಲೆಲ್ಲ ಆಗ್ತಿತ್ತು. ಭಯ ಆಗ್ತಿತ್ತು ಅಂತಲೇ ಎರಡು ಸಲ ಓದ್ತಿದ್ದೆ. ನಿನ್ನೆ ಒಂದು ಸಲವೂ ಓದಲಿಲ್ಲ. ಓದಬೇಕು ಅನ್ನಿಸಲೇ ಇಲ್ಲ. ಎಲ್ಲರೂ ಧೈರ್ಯ ಅಂತಾರೆ. ಧೈರ್ಯ ಅಲ್ಲ ಅದು. ನನಗೆ ಏನೂ ತಾಕ್ತಾ ಇಲ್ಲ."

ಡಾಕ್ಟರಮ್ಮ ಸಮಾಧಾನದ ಮಾತು ಹೇಳಲಿಲ್ಲ. "ತಾಕದೆ ಇರೋರು ಬ್ಲಡ್ ಬ್ಯಾಂಕ್ ಮಷೀನ್ ಮುಟ್ಟಬಾರದು" ಎಂದರು. "ಹದಿನೈದು ದಿನ ರಜೆ ಬರೆಯಿರಿ. ನಾನು ಸಹಿ ಮಾಡಿಸ್ತೀನಿ. ಚೀಟಿಗೆ ಏನೇನು ನೋಡ್ಕೋಬೇಕು ಅಂತ ಬರೆದುಕೊಟ್ಟು ಹೋಗಿ. ಆ ಮನುಷ್ಯ ನಿಧಾನ. ನಿಧಾನ ಇದ್ರೇನೇ ಒಳ್ಳೇದು."

ರಜೆ ಬರೆದಳು. ಮೊದಲ ನಾಲ್ಕು ದಿನ ನಿದ್ದೆ ಮಾಡಿದಳು; ಹಗಲಲ್ಲೂ, ಬಿಸಿಲು ಮುಖದ ಮೇಲೆ ಬಿದ್ದರೂ. ಪುಟ್ಟಿ ಕಾಲೇಜಿಗೆ ಹೋಗುವ ಮುಂಚೆ ಅಡಿಗೆ ಮಾಡಿಟ್ಟು, ತಟ್ಟೆ ಮುಚ್ಚಿಟ್ಟು ಹೋಗುತ್ತಿದ್ದಳು. ಐದನೆಯ ದಿನ ಇಬ್ಬರೂ ಕೂತು ಗೋಡೆಯ ಮೇಲಿನ ಬಟ್ಟೆಗಳನ್ನು ಇಳಿಸಿದರು. ಯಾರದ್ದು ಯಾವುದು ಎಂದು ತಿಳಿಯಲು ಕಾಲರಿನ ಒಳಗೆ ತಂಗಿ ಪಿನ್ನು ಚುಚ್ಚಿ ಸಿಕ್ಕಿಸಿದ್ದ ಕಾಗದದ ಚೂರುಗಳಿದ್ದವು. ಮೂಲೆ ಮನೆ ದೊಡ್ಡವನು. ಸಿಡುಕಮ್ಮ. ಎರಡನೇ ಮಹಡಿ, ತೋಳು ಉದ್ದ ಇರಲಿ. ಪುಟ್ಟಿ ಓದುತ್ತ ಓದುತ್ತ ನಕ್ಕಳು, ಆಮೇಲೆ ಅತ್ತಳು. ಆಕೆ ಬಟ್ಟೆಗಳನ್ನು ಮಡಚುತ್ತ ಹೋದಳು. ಮೂರು ದಿನ ಇಬ್ಬರೂ ಮನೆಮನೆಗೆ ಹೋಗಿ ಕೊಟ್ಟುಬಂದರು. ಸಿಡುಕಮ್ಮ ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಆ ಲಂಗ ಉಳಿದುಕೊಂಡಿತು.

ರಜೆ ಮುಗಿಸಿ ಹೋದಾಗ ಚೀಟಿ ಒಂದು ನೋಟ್‌ಬುಕ್ ತೋರಿಸಿದ. ದಿನಕ್ಕೆ ನಾಲ್ಕು ಸಲ ಮೆಮೊರಿ ಎಷ್ಟು, ಡಿಸ್ಕ್ ಎಷ್ಟು ಎಂದು ದುಂಡಗಿನ ಅಕ್ಷರದಲ್ಲಿ ಬರೆದಿಟ್ಟಿದ್ದ. "ನಾನು ಏನೂ ಮುಟ್ಟಿಲ್ಲ ಅಕ್ಕಾ. ಬರೀ ನೋಡಿದ್ದೀನಿ." ಅಂದಿನಿಂದ ಇಬ್ಬರೂ ಸೇರಿಯೇ ಆ ಯಂತ್ರದ ಕೆಲಸ ಮಾಡಿದರು. ಆಕೆ ಓದುವುದು, ಅವನು ಬೆರಳಿಟ್ಟು ಒಂದೊಂದು ಅಕ್ಷರ ನೋಡುವುದು. ಐದು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ಯಾರೂ ಅದನ್ನು ಪ್ರಶ್ನಿಸಲಿಲ್ಲ.

ಅರ್ಜಿಗೆ ಕಾಲು ಬಂತು. ಎಂಟು ತಿಂಗಳಲ್ಲಿ ಹೊಸ ಪ್ರೋಗ್ರಾಮ್ ಬಂದು, ಹಳೆಯ ದಾಖಲೆಗಳೆಲ್ಲ ಅದಕ್ಕೆ ದಾಟಿದವು. ಒಂದು ಗುರುವಾರ ಮಧ್ಯಾಹ್ನ, ಹಳೆಯ ಯಂತ್ರವನ್ನು ನಿಲ್ಲಿಸಬಹುದು ಎಂದು ಡಾಕ್ಟರಮ್ಮ ಬರೆದುಕೊಟ್ಟರು. ಅಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದ ಯಂತ್ರ. ನಿಲ್ಲಿಸುವಾಗ ಏನಾದರೂ ಅನ್ನಿಸೀತು ಎಂದು ಆಕೆ ಸ್ವಲ್ಪ ಕಾದಳು. ಸಾಲನ್ನು ಓದಿದಳು, ಚೀಟಿ ಬೆರಳಿಟ್ಟು ನೋಡಿದ, ಎಂಟರ್ ಒತ್ತಿದಳು. ಹನ್ನೆರಡು ಸೆಕೆಂಡಿನಲ್ಲಿ ನಿಂತಿತು. ಏನೂ ಅನ್ನಿಸಲಿಲ್ಲ. ಚೀಟಿ ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡ.

ಅದಾಗಿ ಎರಡು ವಾರವಿರಬಹುದು. ಕೆಲಸ ಮುಗಿಸಿ ಆಕೆ ಮುಖ್ಯರಸ್ತೆಯ ಬಸ್ ನಿಲ್ದಾಣದಲ್ಲಿ ನಿಂತಿದ್ದಳು. ಪುಟ್ಟಿ ಕಾಲೇಜಿನಿಂದ ಅಲ್ಲಿಗೆ ಬರುವುದು, ಇಬ್ಬರೂ ಜೊತೆಗೆ ಇನ್ನೊಂದು ಬಸ್ಸು ಹಿಡಿಯುವುದು ಎಂದಾಗಿತ್ತು. ಇನ್ನೂ ಬಿಸಿಲಿತ್ತು. ಪುಟ್ಟಿಯ ಬಸ್ಸು ತಿರುವಿನಲ್ಲಿ ಬಂತು. ಬಾಗಿಲಲ್ಲೇ ನಿಂತಿದ್ದ ಹುಡುಗಿ ದೊಡ್ಡಮ್ಮನನ್ನು ಕಂಡು ಕೈಬೀಸಿ, ಬಸ್ಸು ನಿಲ್ಲುವ ಮುಂಚೆಯೇ ಹಾರಿದಳು. ಹೆಜ್ಜೆ ತಪ್ಪಿತು. ಹಿಂದಿನ ಚಕ್ರದ ಪಕ್ಕಕ್ಕೆ ವಾಲಿ, ಒಂದು ಕೈ ನೆಲಕ್ಕೂರಿ, ಎದ್ದು ಈಚೆ ಬಂದಳು. ಚಕ್ರ ಉರುಳಿ ನಿಂತಿತು. ಆಗಿದ್ದು ಅಷ್ಟೆ.

ಆಕೆ ಕೂಗಿಕೊಂಡಳು. ಏನು ಕೂಗಿದಳು ಎಂಬುದು ಆಕೆಗೆ ಆಮೇಲೆ ನೆನಪಿರಲಿಲ್ಲ. ಪುಟ್ಟಿ ಹೇಳುವಂತೆ, ನಿಲ್ದಾಣದಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ, ನಿನಗೆ ಬುದ್ಧಿ ಇಲ್ಲವಾ, ಕಾಲು ಮುರಿದು ಮನೆಯಲ್ಲಿ ಕೂರಿಸುತ್ತೇನೆ, ನೀನೂ ಹೋದರೆ ನಾನೇನು ಮಾಡಲಿ, ನಾಳೆಯಿಂದ ನಡೆದುಕೊಂಡೇ ಹೋಗು ಎಂದು ಒಂದೇ ಉಸಿರಿಗೆ ಬೈದಳಂತೆ. ಬೈಯುತ್ತಲೇ ಹುಡುಗಿಯ ಅಂಗೈ ತಿರುಗಿಸಿ ನೋಡಿದಳು. ಚರ್ಮ ಸುಲಿದು ಸಣ್ಣಗೆ ರಕ್ತ ಬಂದಿತ್ತು. ಅದನ್ನು ಕಂಡು ಆಕೆ ನಿಲ್ಲಲಾಗದೆ ಕಲ್ಲಿನ ಬೆಂಚಿನ ಮೇಲೆ ಕುಸಿದು ಕೂತಳು. ಎದೆ ಹೊಡೆದುಕೊಳ್ಳುತ್ತಿತ್ತು.

ಪುಟ್ಟಿ ಬೈಸಿಕೊಂಡ ಮುಖವನ್ನು ಕೆಳಗೆ ಹಾಕಿ ಪಕ್ಕದಲ್ಲಿ ಕೂತಳು. ಆಮೇಲೆ, "ದೊಡ್ಡಮ್ಮ, ನೀನು ನನ್ನ ಬೈದು ಎಷ್ಟು ದಿನ ಆಗಿತ್ತು ಗೊತ್ತಾ" ಎಂದಳು.

"ಸುಮ್ನಿರು. ಕೈ ತೋರಿಸು."

ಬಾಟಲಿಯ ನೀರಿನಿಂದ ಅಂಗೈ ತೊಳೆದು ಕರವಸ್ತ್ರ ಕಟ್ಟಿದಳು. ಗಂಟು ಸರಿಯಾಗಿ ಬೀಳಲಿಲ್ಲ. ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಅವರ ಬಸ್ಸು ಬಂದು ಹೋಯಿತು. ಇನ್ನೊಂದೂ ಬಂದು ಹೋಯಿತು. ಆಕೆಯ ಕಾಲಿಗೆ ಏಳುವಷ್ಟು ಬಲ ಬಂದದ್ದು ಮೂರನೆಯದರ ಹೊತ್ತಿಗೆ. ಅದು ಪೂರ್ತಿ ನಿಂತ ಮೇಲೆ ಇಬ್ಬರೂ ಹತ್ತಿದರು.